ಕರ್ತೃವಿರುವ ಪರಂಪರೆ: ‘ಅಶೋಕನ್ ಫೇರ್‌ವೆಲ್’ ಪಿಟೀಲು ಧಾಟಿಯ ವಿವೇಚನೆ

ಜನಪದ ಸಂಗೀತದ ಚರ್ಚೆಗಳಲ್ಲಿ ಅನಾಮಿಕತೆಯನ್ನು ಪ್ರಾಚೀನತೆಯ ಪುರಾವೆಯೆಂದೂ ಪ್ರಾಚೀನತೆಯನ್ನು ಅಧಿಕೃತತೆಯ ಪುರಾವೆಯೆಂದೂ ಭಾವಿಸುವ ರೂಢಿ ಬೇರೂರಿದೆ. ಈ ರೂಢಿಯನ್ನು ಒರೆಗೆ ಹಚ್ಚುವ ಕೃತಿಗಳಲ್ಲಿ ಅಮೆರಿಕದ ‘ಅಶೋಕನ್ ಫೇರ್‌ವೆಲ್’ ಎಂಬ ಪಿಟೀಲು ಧಾಟಿ ಗಮನಾರ್ಹವಾದುದು. ಹೆಸರು ನಮಗೆ ಮೌರ್ಯ ಚಕ್ರವರ್ತಿಯನ್ನು ನೆನಪಿಸಿದರೂ ಅವನಿಗೂ ಇದಕ್ಕೂ ಸಂಬಂಧವಿಲ್ಲ. ಅಶೋಕನ್ ಎಂಬುದು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಒಂದು ಸ್ಥಳನಾಮ.

ಅಲ್ಲಿ ಬೇಸಗೆಯಲ್ಲಿ ತಾವು ನಡೆಸುತ್ತಿದ್ದ ಪಿಟೀಲು ಮತ್ತು ನೃತ್ಯ ಶಿಬಿರ ಮುಗಿದ ತರುವಾಯ ಆವರಿಸಿದ ಅಗಲಿಕೆಯ ಭಾವದಲ್ಲಿ ಜೇ ಉಂಗರ್ 1982ರಲ್ಲಿ ಇದನ್ನು ರಚಿಸಿದರು. ಶೀರ್ಷಿಕೆಯನ್ನು ಸೂಚಿಸಿದವರು ಸಹವಾದಕಿ ಮಾಲಿ ಮೇಸನ್. ಡಿ ಮೇಜರ್ ಶ್ರುತಿಯಲ್ಲಿ, ಮೂರೆಣಿಕೆಯ ವಾಲ್ಟ್ಸ್ ಲಯದಲ್ಲಿ ಸಾಗುವ ಇದರ ಮಾದರಿ ಸ್ಕಾಟಿಷ್ ಶೋಕಧಾಟಿಗಳದು. ಬ್ರಾಂಕ್ಸಿನ ಯಹೂದಿಯೊಬ್ಬ ಬರೆದ ಸ್ಕಾಟಿಷ್ ಶೋಕಧಾಟಿ ಎಂದು ಉಂಗರ್ ವಿನೋದವಾಗಿ ಹೇಳಿಕೊಂಡದ್ದುಂಟು. ಆ ವಿನೋದದಲ್ಲಿ ಕೃತಿಯ ನಿಜವಾದ ವಂಶಾವಳಿಯೇ ಅಡಗಿದೆ: ಕಲಿತು ಮೈಗೂಡಿಸಿಕೊಂಡ ಶೈಲಿಯ ಮೂಲಕ ಪರಂಪರೆಯನ್ನು ಸೇರುವ ದಾರಿ ಅದು.

1990ರಲ್ಲಿ ಪ್ರಸಾರವಾದ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಸಾಕ್ಷ್ಯಚಿತ್ರ ಮಾಲಿಕೆಯಲ್ಲಿ ಈ ಧಾಟಿ ಮತ್ತೆ ಮತ್ತೆ ಬರುತ್ತದೆ. 1861ರಲ್ಲಿ ಯುದ್ಧಭೂಮಿಗೆ ಹೋಗಿ ಮಡಿದ ಸಲಿವನ್ ಬಲೂ ಪತ್ನಿಗೆ ಬರೆದ ಪತ್ರದ ವಾಚನಕ್ಕೆ ಹಿನ್ನೆಲೆಯಾಗಿರುವುದೂ ಇದೇ. ಅಂತರ್ಯುದ್ಧ ಕಾಲದ ಧಾಟಿಗಳ ನಡುವೆ ಇದೊಂದು ನೂತನ ರಚನೆಯೆಂಬುದನ್ನು ಅನೇಕ ಪ್ರೇಕ್ಷಕರು ಗುರುತಿಸಲಿಲ್ಲ. ಅವರನ್ನು ದೂಷಿಸಲಾಗದು, ಹಳೆಯ ಛಾಯಾಚಿತ್ರ, ಹಳೆಯ ಪತ್ರ, ಹಳೆಯ ಹಾಡುಗಳ ಸಾಲಿನಲ್ಲಿ ಕೂರಿಸಿದ್ದಕ್ಕೆ ಹಳತನ ತಾನಾಗಿ ಅಂಟಿಕೊಳ್ಳುತ್ತದೆ.

ಆದರೆ ಸತ್ಯ ತಿಳಿದ ಮೇಲೆ ಇದನ್ನು ‘ನಕಲಿ ಜಾನಪದ’ವೆಂದು ಬದಿಗಿಡುವ ನಿಲುವು ಒಪ್ಪತಕ್ಕದ್ದಲ್ಲ. ವಾದಕರು ವೃತ್ತಾಕಾರವಾಗಿ ಕುಳಿತು, ಸ್ವರಲಿಪಿಯ ಹಂಗಿಲ್ಲದೆ ಕಿವಿಯಿಂದ ಕಿವಿಗೆ ಕಲಿತು ನುಡಿಸುವ ‘ಸೆಷನ್’ ಗೋಷ್ಠಿಗಳಲ್ಲಿ ಧಾಟಿಯ ಪ್ರವೇಶಕ್ಕೆ ವಯಸ್ಸಿನ ದಾಖಲೆ ಬೇಕಿಲ್ಲ; ನೆನಪಿನಲ್ಲಿ ನಿಲ್ಲಬೇಕು, ಇತರರ ಬಿಲ್ಲಿಗೆ ಒಗ್ಗಬೇಕು, ಅಷ್ಟೆ. ಇದು ಎಂದಿನಿಂದಲೋ ಇದ್ದಂತಿದೆ ಎಂಬ ಪ್ರಶಂಸೆಯಲ್ಲಿಯೂ ತೊಡಕಿದೆ. ಅದು ರಚನಕಾರನ ದುಡಿಮೆಯನ್ನು ಅಳಿಸುತ್ತದೆ. ಸಂಗೀತದ ಮಟ್ಟಿಗೆ ಪರಂಪರೆಯ ಆಸ್ತಿಯಂತೆ ಬಾಳುತ್ತಿರುವ ಈ ಧಾಟಿ, ಕಾನೂನಿನ ಮಟ್ಟಿಗೆ ಕೃತಿಸ್ವಾಮ್ಯವಿರುವ ರಚನೆ.

ಸಾಕ್ಷ್ಯಚಿತ್ರದಿಂದ ಧಾಟಿಗೆ ಆದ ನಷ್ಟ ಬೇರೆಯದು, ಅದರ ಚರ್ಚೆ ಮಾತ್ರ ವಿರಳ. ಪತ್ರದ ಮಾತಿಗೆ ಎಡೆಮಾಡಿಕೊಟ್ಟು ನಿಧಾನವಾಗಿ ಹರಿಯುವ ಆ ನಿರೂಪಣೆಯನ್ನೇ ಆದರ್ಶವಾಗಿಸಿಕೊಂಡ ವಾದಕರು ಸ್ವರಗಳನ್ನು ಎಷ್ಟು ಎಳೆಯುತ್ತಾರೆಂದರೆ ಮೂರೆಣಿಕೆಯ ಹೆಜ್ಜೆಯೇ ಕಾಣೆಯಾಗುತ್ತದೆ. ಮೃತರಿಗೆ ಸಲ್ಲುವ ಶೋಕ ಮಾತ್ರ ಉಳಿದು, ಮತ್ತೆ ಸೇರಲಿರುವವರ ವಿದಾಯ ಮಸುಕಾಗುತ್ತದೆ. ಅಶೋಕನ್ ಶಿಬಿರದಲ್ಲಿ ಇದು ನೃತ್ಯದ ಇರುಳಿಗೆ ಮಂಗಳ ಹಾಡುವ ಕೊನೆಯ ವಾಲ್ಟ್ಸ್. ಜೋಡಿಗಳು ಕುಣಿಯುವಷ್ಟು ನಡೆ ಅದಕ್ಕೆ ಅಗತ್ಯ.