ಮಾಹಿಷ್ಮತಿಯ ಬೇಲಿ: ರೀಮಿಕ್ಸ್, ಟ್ರಾನ್ಸ್‌ಮೀಡಿಯಾ ಮತ್ತು ಹೈದರಾಬಾದಿನ ಕಥಾಲೋಕಗಳು

ಹೈದರಾಬಾದಿನ ಚಿತ್ರೋದ್ಯಮ 2015ರಿಂದೀಚೆಗೆ ಕಟ್ಟುತ್ತ ಬಂದಿರುವ ಬೃಹತ್ ಕಥಾಲೋಕಗಳ ಬಗೆಗಿನ ಮಾತುಕತೆಯಲ್ಲಿ ‘ರೀಮಿಕ್ಸ್’ ಮತ್ತು ‘ಟ್ರಾನ್ಸ್‌ಮೀಡಿಯಾ’ ಎಂಬ ಎರಡು ಪರಿಭಾಷೆಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ಸಾಮಾನ್ಯವಾಗಿದೆ. ಒಂದೇ ಕಥೆ ಸಿನಿಮಾವಾಗಿ, ಕಾದಂಬರಿಯಾಗಿ, ಕಾರ್ಟೂನಾಗಿ, ಮೊಬೈಲಿನ ನಗೆಚಿತ್ರವಾಗಿ ಕಾಣಿಸಿಕೊಳ್ಳುವಾಗ ಇವೆಲ್ಲವೂ ಒಂದೇ ಪ್ರಕ್ರಿಯೆಯ ಹಲವು ರೂಪಗಳೆಂದು ತೋರುವುದು ಸಹಜ. ಆದರೆ ಇವೆರಡರ ಹುಟ್ಟೂ ಬೇರೆ, ಹಿತಾಸಕ್ತಿಯೂ ಬೇರೆ. ಜನರ ನಡುವೆ ಈಗಾಗಲೇ ಓಡಾಡುತ್ತಿರುವ ಕೃತಿಯನ್ನು ಕತ್ತರಿಸಿ, ಬೆಸೆದು, ಬೇರೊಂದು ಅರ್ಥ ಬರುವಂತೆ ತಿರುಗಿಸುವ ರೂಢಿಯನ್ನು ರೀಮಿಕ್ಸ್ ಸಂಸ್ಕೃತಿ ಎನ್ನಲಾಗುತ್ತದೆ. ಅಮೆರಿಕದ ಕಾನೂನು ವಿದ್ವಾಂಸ ಲಾರೆನ್ಸ್ ಲೆಸ್ಸಿಗ್ 2008ರ ತಮ್ಮ ಪುಸ್ತಕದಲ್ಲಿ ಇದನ್ನು, ಓದಿ ಸುಮ್ಮನಾಗುವ ಸಂಸ್ಕೃತಿಗೆ ಎದುರಾಗಿ, ಓದುತ್ತಲೇ ಬರೆಯುವ ಸಂಸ್ಕೃತಿ ಎಂದು ಗುರುತಿಸಿದರು. ಟ್ರಾನ್ಸ್‌ಮೀಡಿಯಾ ಕಥನವಾದರೋ ಒಂದೇ ಕಥಾಲೋಕದ ಬೇರೆಬೇರೆ ತುಂಡುಗಳನ್ನು ಬೇರೆಬೇರೆ ಮಾಧ್ಯಮಗಳಲ್ಲಿ ಯೋಜಿತವಾಗಿ ಹಂಚುವ ವಿಧಾನ. 2003ರಲ್ಲಿ ಈ ಪರಿಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟ ಹೆನ್ರಿ ಜೆಂಕಿನ್ಸ್ ಅವರಿಗೆ ‘ಮೇಟ್ರಿಕ್ಸ್’ ಸರಣಿಯೇ ಮುಖ್ಯ ಉದಾಹರಣೆಯಾಗಿತ್ತು: ಅಲ್ಲಿ ಒಂದು ಹಡಗಿನ ಕೊನೆಯ ಸಂದೇಶ ಅನಿಮೇಶನ್ ಕಿರುಚಿತ್ರದಲ್ಲಿ ಹೊರಟು, ವಿಡಿಯೋ ಗೇಮಿನಲ್ಲಿ ಸಾಗಿ, ಎರಡನೆಯ ಸಿನಿಮಾದ ಆರಂಭದ ಸಭೆಯನ್ನು ತಲುಪುತ್ತದೆ.

ಮಾಧ್ಯಮಗಳ ಸಂಖ್ಯೆಯನ್ನಾಗಲಿ, ವೃತ್ತಿಪರ ಮತ್ತು ಹವ್ಯಾಸಿ ಎಂಬ ಭೇದವನ್ನಾಗಲಿ ಹಿಡಿದು ಇವೆರಡನ್ನು ಬೇರ್ಪಡಿಸುವ ಪ್ರಯತ್ನಗಳು ಹೆಚ್ಚು ದೂರ ಹೋಗಲಾರವು. ಓದುಗನಿಗೆ ಗೊತ್ತಿರುವುದರ ಮೇಲೆ ರೀಮಿಕ್ಸ್ ನಿಲ್ಲುತ್ತದೆ. ಮೂಲವನ್ನು ಅರಿಯದವನಿಗೆ ಅದರ ತಿರುವು ಕಾಣುವುದೇ ಇಲ್ಲ. ಟ್ರಾನ್ಸ್‌ಮೀಡಿಯಾ ನಿಲ್ಲುವುದು ಓದುಗನಿಗೆ ಇನ್ನೂ ಗೊತ್ತಿಲ್ಲದ್ದರ ಮೇಲೆ, ಮತ್ತು ಆ ಗೊತ್ತಿಲ್ಲದ್ದನ್ನು ಹೇಳುವ ಅಧಿಕಾರ ಒಬ್ಬರ ಕೈಯಲ್ಲೇ ಉಳಿದಿರುವುದರ ಮೇಲೆ. ಈ ವ್ಯತ್ಯಾಸವನ್ನು ಪರೀಕ್ಷಿಸಲು ಹೈದರಾಬಾದಿನಷ್ಟು ತಕ್ಕ ನೆಲ ದಕ್ಷಿಣದಲ್ಲಿ ಮತ್ತೊಂದಿಲ್ಲ ಎನ್ನಬಹುದು, ಏಕೆಂದರೆ ಪುರಾಣವನ್ನು ತಿರುಗಿಸಿ ಕಟ್ಟುವ ಹಳೆಯ ಪರಂಪರೆಯೊಂದು ಅಲ್ಲಿ ಕಥಾಲೋಕವನ್ನು ಸೊತ್ತಾಗಿಸುವ ಹೊಸ ಉದ್ಯಮದ ಪಕ್ಕದಲ್ಲೇ ಬದುಕಿದೆ.

ಆ ಪರಂಪರೆಯ ಅತ್ಯಂತ ಎತ್ತರದ ನಿದರ್ಶನ ಕನ್ನಡದ್ದೇ ಎಂಬುದು ಹಲವು ಬಾರಿ ಮರೆತುಹೋಗುತ್ತದೆ. ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿರುವ, ಇಂದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಸೇರಿದ ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ಕ್ರಿ.ಶ. 941ರ ಹೊತ್ತಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ, ಅವನ ತಮ್ಮ ಜಿನವಲ್ಲಭನ ಶಾಸನ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೆಟ್ಟದ ಬಂಡೆಯ ಮೇಲೆ ಇಂದಿಗೂ ಇದೆ. ವ್ಯಾಸಭಾರತದ ಘಟನೆಗಳನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು, ಅರ್ಜುನನ ಮೈಯಲ್ಲಿ ಅರಿಕೇಸರಿಯನ್ನು ಕೂರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿ, ಕೊನೆಗೆ ಪಟ್ಟವನ್ನೂ ಧರ್ಮರಾಯನ ಬದಲು ಅವನಿಗೇ ಕಟ್ಟಿದ ಈ ಕಾವ್ಯವನ್ನು ಅನುವಾದ ಎನ್ನಲಾಗದು, ವ್ಯಾಸಭಾರತದ ಮುಂದಿನ ಭಾಗ ಎಂದೂ ಕರೆಯಲಾಗದು. ಐವರ ಪತ್ನಿಯಾದ ದ್ರೌಪದಿಯ ಕಥೆ ಸಭೆಯಲ್ಲಿದ್ದವರಿಗೆಲ್ಲ ಗೊತ್ತಿದ್ದುದರಿಂದಲೇ ಪಂಪನ ಬದಲಾವಣೆಗೆ ರಾಜಕೀಯದ ಮೊನೆ ಬಂದಿತು. ವ್ಯಾಸನ ಅನುಮತಿಯ ಪ್ರಶ್ನೆ ಅಲ್ಲಿ ಏಳಲಿಲ್ಲ. ಎದ್ದದ್ದು ಔಚಿತ್ಯದ ಪ್ರಶ್ನೆ, ಮತ್ತು ಅದನ್ನು ಕನ್ನಡ ವಿಮರ್ಶೆ ಇಂದಿಗೂ ಬಿಟ್ಟಿಲ್ಲ.

ಹಳೆಯ ಕಾಲವೆಲ್ಲ ಎಲ್ಲರ ಸೊತ್ತಾಗಿತ್ತು ಎಂಬ ಭಾವುಕ ತೀರ್ಮಾನಕ್ಕೆ ಇದರಿಂದ ಜಿಗಿಯಬೇಕಾಗಿಲ್ಲ. ಹೈದರಾಬಾದಿನಿಂದ ವರಂಗಲ್ ಕಡೆಗೆ ಹೋಗುವ ಸೀಮೆಯಲ್ಲಿರುವ ಚೇರ್ಯಾಲದ ನಕಾಶಿ ಚಿತ್ರಕಾರರ ಪಟಗಳು ಈ ವಿಷಯದಲ್ಲಿ ಎಚ್ಚರ ಹೇಳುತ್ತವೆ. ಖಾದಿ ಬಟ್ಟೆಗೆ ಹುಣಿಸೆಬೀಜದ ಅಂಟು, ಅಕ್ಕಿಗಂಜಿ, ಬಿಳಿಮಣ್ಣು ಬಳಿದು ಒಣಗಿಸಿ, ಕೆಂಪು ಹಿನ್ನೆಲೆಯ ಮೇಲೆ ಕಥೆಯನ್ನು ಅಡ್ಡಪಟ್ಟಿಗಳಾಗಿ ಬಿಡಿಸಿದ ಉದ್ದನೆಯ ಸುರುಳಿಯನ್ನು ಹಾಡುಗಾರರು ಇರುಳಲ್ಲಿ ತೂಗುಹಾಕಿ, ಒಂದೊಂದೇ ಪಟ್ಟಿಯನ್ನು ಬಿಚ್ಚಿ, ಕೋಲಿನಿಂದ ತೋರಿಸುತ್ತ ಕಥೆ ಹೇಳುತ್ತಿದ್ದರು. ಚಿತ್ರ, ಹಾಡು, ಮಾತು ಮೂರೂ ಸೇರಿ ಒಂದೇ ಕಥೆಯನ್ನು ಹೊರುವುದರಿಂದ ಇದನ್ನು ಟ್ರಾನ್ಸ್‌ಮೀಡಿಯಾದ ಪೂರ್ವರೂಪ ಎನ್ನುವ ಉತ್ಸಾಹಿಗಳಿದ್ದರೆ ಅದು ತಪ್ಪು: ಪಟದಲ್ಲಿರುವುದೇ ಹಾಡಿನಲ್ಲೂ ಇದೆ, ಪಟ ಬಿಟ್ಟದ್ದನ್ನು ಮತ್ತೊಂದು ಮಾಧ್ಯಮಕ್ಕೆಂದು ಅಡಗಿಸಿಟ್ಟಿಲ್ಲ. ಇಲ್ಲಿ ಗಮನಿಸಬೇಕಾದದ್ದು ಹಕ್ಕಿನ ಏರ್ಪಾಡು. ಪದ್ಮಸಾಲಿಗಳಿಗೆ ಅವರ ಪುರಾಣವನ್ನು ಕೂನಪುಲಿಯವರು ಹೇಳಬೇಕು, ಮಾದಿಗರಿಗೆ ಜಾಂಬಪುರಾಣವನ್ನು ದಕ್ಕಲಿಯವರು ಹೇಳಬೇಕು, ಕೆ.ಬಿ. ಸಿದ್ದಯ್ಯನವರ ‘ದಕ್ಲಕಥಾದೇವಿ’ಯನ್ನು ಬಲ್ಲ ಕನ್ನಡ ಓದುಗರಿಗೆ ಈ ನಂಟು ಹೊಸದಲ್ಲ. ಯಾರು ಯಾರಿಗೆ ಹೇಳಬೇಕೆಂಬುದು ವಂಶಪಾರಂಪರ್ಯವಾಗಿ ಬಂದ ಕಟ್ಟಳೆ, ಅದರ ಹಿಂದೆ ಜಾತಿಯ ಕ್ರೌರ್ಯವೂ ಇತ್ತು. ಆದರೆ ಆ ಬೇಲಿ ಕಥೆ ಹೇಳಿ ಹೊಟ್ಟೆ ಹೊರೆಯುವ ಹಕ್ಕಿನ ಸುತ್ತ ಇತ್ತೇ ಹೊರತು, ಜಾಂಬವನಿಗೆ ಏನಾಯಿತು ಎಂಬುದರ ಸುತ್ತ ಇರಲಿಲ್ಲ. ಸೃಷ್ಟಿಯ ಕಥೆಯಲ್ಲಿ ತಮ್ಮವನೇ ಎಲ್ಲರಿಗಿಂತ ಮೊದಲು ಹುಟ್ಟಿದವನೆಂದು ತಿದ್ದಿ ಹೇಳುವ ಧೈರ್ಯಕ್ಕೆ ಅದು ಅಡ್ಡಬರಲಿಲ್ಲ.

‘ಬಾಹುಬಲಿ’ಯೊಂದಿಗೆ ಬೇಲಿ ಕಥೆಯ ಒಳಕ್ಕೇ ಬಂದಿತು. ಎಸ್.ಎಸ್. ರಾಜಮೌಳಿ ನಿರ್ದೇಶಿಸಿ ಆರ್ಕಾ ಮೀಡಿಯಾ ವರ್ಕ್ಸ್ ನಿರ್ಮಿಸಿದ, ರಾಮೋಜಿ ಫಿಲ್ಮ್ ಸಿಟಿಯಲ್ಲಿ ಕಥೆಯ ರಾಜ್ಯವಾದ ಮಾಹಿಷ್ಮತಿಯನ್ನು ಕಟ್ಟಿ ನಿಲ್ಲಿಸಿದ ಈ ಚಿತ್ರದ ಮೊದಲ ಭಾಗ 2015ರ ಜುಲೈ 10ರಂದು, ಎರಡನೆಯದು 2017ರ ಏಪ್ರಿಲ್ 28ರಂದು ತೆರೆಕಂಡವು. ದಾಯಾದಿ ಜಗಳ, ಕುರ್ಚಿಗೆ ಹಂಬಲಿಸುವ ಅಂಗವಿಕಲ ಅಣ್ಣ, ಮಾತಿಗೆ ಕಟ್ಟುಬಿದ್ದ ಮುದಿ ಯೋಧ, ಇವೆಲ್ಲ ಮಹಾಭಾರತದ ಕಣಜದಿಂದಲೇ ಬಂದ ಕಾಳುಗಳು. ಆದರೆ ಹೆಸರು ಬದಲಾದೊಡನೆ ಅವು ಸೊತ್ತಾದವು. ಆನಂದ್ ನೀಲಕಂಠನ್ ಇಂಗ್ಲಿಷಿನಲ್ಲಿ ಬರೆದ ‘ದ ರೈಸ್ ಆಫ್ ಶಿವಗಾಮಿ’ ಕಾದಂಬರಿ 2017ರಲ್ಲಿ ಬಂದಿತು, ಅದೇ ವರ್ಷ ಗ್ರಾಫಿಕ್ ಇಂಡಿಯಾದ ಅನಿಮೇಶನ್ ಸರಣಿ ‘ದ ಲಾಸ್ಟ್ ಲೆಜೆಂಡ್ಸ್’, 2024ರಲ್ಲಿ ‘ಕ್ರೌನ್ ಆಫ್ ಬ್ಲಡ್’ ಬಂದವು. ನೆಟ್‌ಫ್ಲಿಕ್ಸ್ 2018ರಲ್ಲಿ ಘೋಷಿಸಿದ ಶಿವಗಾಮಿಯ ಸರಣಿ ತೆರೆಗೆ ಬರಲೇ ಇಲ್ಲ. ಇವುಗಳಲ್ಲಿ ಟ್ರಾನ್ಸ್‌ಮೀಡಿಯಾ ಎಂಬ ಮಾತಿಗೆ ನಿಜವಾಗಿ ತಕ್ಕದ್ದು ಕಾದಂಬರಿ. ತೆರೆಯ ಮೇಲೆ ಸಿಂಹಾಸನದ ಧರ್ಮವೇ ಮೈವೆತ್ತಂತೆ ನಿಲ್ಲುವ ರಾಜಮಾತೆ ಶಿವಗಾಮಿ, ತನ್ನ ತಂದೆಯನ್ನು ದ್ರೋಹಿಯೆಂದು ಕೊಂದ ಮಾಹಿಷ್ಮತಿಯ ಅರಸುಮನೆಯ ಮೇಲೆ ಹಗೆ ಹೊತ್ತ ಹುಡುಗಿಯಾಗಿದ್ದಳೆಂಬ ಸಂಗತಿ ಅದರಲ್ಲಿ ಮಾತ್ರ ಸಿಗುತ್ತದೆ, ಮತ್ತು ಅದನ್ನು ಓದಿದವನಿಗೆ ಅವಳ ಪ್ರತಿಯೊಂದು ಆಜ್ಞೆಯೂ ಬೇರೆಯಾಗಿ ಕೇಳಿಸಬೇಕು. ಕೇಳಿಸುವುದಿಲ್ಲ ಎಂಬುದೇ ಈ ಯೋಜನೆಯ ಸೋಲು. ಎರಡನೆಯ ಚಿತ್ರದಲ್ಲಿ ಆ ಹಗೆಯ ಸುಳಿವೂ ಇಲ್ಲ. ಕಾದಂಬರಿ ಸಿನಿಮಾಕ್ಕೆ ಸಾಲ ಕೊಟ್ಟಿತು, ಸಿನಿಮಾ ಬಡ್ಡಿಯನ್ನೂ ಕಟ್ಟಲಿಲ್ಲ.

ಚಿತ್ರದ ಎರಡು ಭಾಗಗಳ ನಡುವಿನ ಎರಡು ವರ್ಷಗಳಲ್ಲಿ ಕಂಪನಿಯ ಯೋಜನೆಯಲ್ಲಿಲ್ಲದ ಇನ್ನೊಂದು ಕಥನ ಬೆಳೆಯಿತು. ಆ ಮುದಿ ಯೋಧ ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂದು ಮೊದಲ ಭಾಗ ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಸಂಬಳದ ಬಾಕಿಯಿಂದ ಹಿಡಿದು ಪರೀಕ್ಷೆಯ ಅಂಕಗಳವರೆಗೆ, ಚುನಾವಣೆಯಿಂದ ಕ್ರಿಕೆಟ್‌ವರೆಗೆ ಜನ ಸಾವಿರಾರು ಉತ್ತರಗಳನ್ನು ಹೊಸೆದು ಹಂಚಿಕೊಂಡರು. ನಿರ್ಮಾಪಕರು ಬೀಗ ಹಾಕಿಟ್ಟ ಖಾಲಿ ಜಾಗವನ್ನು ಟ್ರಾನ್ಸ್‌ಮೀಡಿಯಾ ತುಂಬುವುದಕ್ಕೆ ಮೊದಲೇ ರೀಮಿಕ್ಸ್ ಆಕ್ರಮಿಸಿತು. ಆ ಉತ್ತರಗಳಲ್ಲಿ ಒಂದನ್ನೂ ಯಾರೂ ನಂಬಲಿಲ್ಲ, ನಂಬಿಸುವ ಉದ್ದೇಶವೂ ಇರಲಿಲ್ಲ. ನಿಜವಾದ ಉತ್ತರಕ್ಕಾಗಿ ಎಲ್ಲರೂ ಟಿಕೆಟ್ ಕೊಂಡರು. ರೀಮಿಕ್ಸ್ ಇಲ್ಲಿ ಒಡೆಯನಿಗೆ ಸವಾಲಾಗಲಿಲ್ಲ, ಪುಕ್ಕಟೆ ಡಂಗುರವಾಯಿತು. ಲೆಸ್ಸಿಗ್ ಅವರ ಆಶಾವಾದ ಈ ಸಾಧ್ಯತೆಯನ್ನು ಅಷ್ಟಾಗಿ ಎದುರಿಸುವುದಿಲ್ಲ. 2025ರ ಅಕ್ಟೋಬರಿನಲ್ಲಿ ಎರಡೂ ಭಾಗಗಳನ್ನು ಕತ್ತರಿಸಿ ಜೋಡಿಸಿದ ‘ಬಾಹುಬಲಿ: ದ ಎಪಿಕ್’ ಬಿಡುಗಡೆಯಾದಾಗ ಒಡೆಯನೇ ಕತ್ತರಿ ಹಿಡಿದಂತಾಯಿತು: ಕೈಚಳಕ ರೀಮಿಕ್ಸಿನದು, ಹಕ್ಕು ಮಾತ್ರ ಹಳೆಯ ಒಡೆಯನದು.

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ತೆರೆಗೆ ತಂದ ‘ಛೋಟಾ ಭೀಮ್’ ಈ ಚರ್ಚೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದಲ್ಲ. ಮಹಾಭಾರತದ ಭೀಮನ ಬಲವನ್ನೂ ಹಸಿವನ್ನೂ ಎತ್ತಿಕೊಂಡು ಢೋಲಕ್‌ಪುರದ ಹುಡುಗನೊಬ್ಬನಿಗೆ ಲಾಡು ತಿನ್ನಿಸಿದ್ದು ಮೊದಲ ಹೆಜ್ಜೆಯಲ್ಲಿ ರೀಮಿಕ್ಸೇ. ಆಮೇಲೆ ಬಂದ ಗೊಂಬೆ, ಚೀಲ, ಪೆನ್ಸಿಲ್ ಡಬ್ಬಿಗಳು ಕಥೆಗೆ ಏನನ್ನೂ ಸೇರಿಸದ ಬರೀ ಪುನರುಕ್ತಿಗಳು, ವ್ಯಾಪಾರ.

ಶುದ್ಧ ರೀಮಿಕ್ಸ್ ಹೈದರಾಬಾದಿನಲ್ಲಿ ಸಿಗುವುದು ಹಾಸ್ಯನಟ ಬ್ರಹ್ಮಾನಂದಂ ಅವರ ಮುಖದಲ್ಲಿ. ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರ ಹುಬ್ಬು ಏರಿದ, ತುಟಿ ಸೊಟ್ಟಗಾದ ಒಂದೊಂದು ಚೌಕಟ್ಟೂ ತನ್ನ ಚಿತ್ರದಿಂದ ಕಳಚಿಕೊಂಡು, ಆ ಚಿತ್ರವನ್ನು ನೋಡದವರ, ತೆಲುಗನ್ನೇ ಅರಿಯದವರ ಮಾತುಕತೆಯಲ್ಲೂ ಉತ್ತರವಾಗಿ ನಿಲ್ಲುತ್ತದೆ. ಇಲ್ಲಿ ಕಥಾಲೋಕವೇ ಇಲ್ಲ. ಮುಖದ ಪರಿಚಯವೊಂದೇ ಸಾಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ವಿಮರ್ಶೆಗೆ, ಸಂಶೋಧನೆಗೆ, ವರದಿಗೆ ನ್ಯಾಯಯುತ ಬಳಕೆಯ ವಿನಾಯಿತಿ ಕೊಡುತ್ತದೆಯಾದರೂ ಅಣಕವನ್ನು ಹೆಸರಿಟ್ಟು ಹೇಳುವುದಿಲ್ಲ. ಹಾಗಾಗಿ ಈ ಇಡೀ ಜನಪ್ರಿಯ ಕಲೆ ಉದ್ಯಮದ ಔದಾರ್ಯದ ಮೇಲೆ, ಅಥವಾ ಅಲಕ್ಷ್ಯದ ಮೇಲೆ, ಬದುಕಿದೆ.

ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ 2024ರ ಜೂನಿನಲ್ಲಿ ಬಂದಾಗ ಎರಡೂ ದಾರಿಗಳು ಒಂದೇ ಕೃತಿಯಲ್ಲಿ ಕೂಡಿದವು. ಚಿತ್ರಕ್ಕೂ ಮುನ್ನ ಪ್ರೈಮ್ ವಿಡಿಯೋದಲ್ಲಿ ಬಂದ ಎರಡು ಕಂತುಗಳ ‘ಬುಜ್ಜಿ ಮತ್ತು ಭೈರವ’ ಅನಿಮೇಶನ್, ನಾಯಕನಿಗೂ ಅವನ ಮಾತಾಡುವ ವಾಹನಕ್ಕೂ ನಂಟು ಹೇಗೆ ಬಿದ್ದಿತೆಂದು ಹೇಳುತ್ತದೆ. ಅದು ಹೊಸ ಸಂಗತಿ, ಅದನ್ನು ಹೇಳಬಲ್ಲವರು ನಿರ್ಮಾಪಕರು ಮಾತ್ರ. ಅಶ್ವತ್ಥಾಮನ ಶಾಪವಾದರೋ ಪ್ರೇಕ್ಷಕ ಮನೆಯಿಂದಲೇ ತಂದ ತಿಳಿವು. ಭೈರವನೇ ಕರ್ಣನ ಮರುಹುಟ್ಟು ಎಂಬ ಸೂಚನೆಯೊಂದಿಗೆ ಚಿತ್ರ ಮುಗಿಯುತ್ತಿದ್ದಂತೆ ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂಬ ಹಳೆಯ ವಾದ ಬೀದಿಗೆ ಬಿದ್ದಿತು. ವ್ಯಾಸನನ್ನು ತಿದ್ದಿದ್ದು ಸರಿಯಲ್ಲ ಎಂಬ ಆಕ್ಷೇಪವೂ ಕೇಳಿಬಂದಿತು. ಆ ಆಕ್ಷೇಪ ಸಂಕುಚಿತವಾಗಿರಬಹುದು, ಪಂಪನನ್ನು ಓದಿದವರಿಗಂತೂ ಅದು ಒಪ್ಪುವಂಥದಲ್ಲ. ಆದರೂ ನಿರ್ಮಾಪಕರ ಎದುರು ನಿಂತು ‘ಕರ್ಣ ಹಾಗಲ್ಲ’ ಎನ್ನಲು ಪ್ರೇಕ್ಷಕನಿಗೆ ಅಲ್ಲಿ ನೆಲವಿತ್ತು. ಶಿವಗಾಮಿಯ ಬಾಲ್ಯದ ಬಗ್ಗೆ ಕಾದಂಬರಿ ಹೇಳಿದ್ದನ್ನು ಸಿನಿಮಾ ಸುಳಿವೂ ಕೊಡದೆ ಬಿಟ್ಟಾಗ ಅಂಥ ತಕರಾರು ಎತ್ತಲು ಯಾರಿಗೂ ಯಾವ ಆಧಾರವೂ ಇರಲಿಲ್ಲ. ಎತ್ತಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.