ಕ್ಲಾಡಿಯಸನ ಗಂಟಲಿಗಿಳಿದ ಗರಿ: ಟ್ಯಾಸಿಟಸನ ಒಂದು ವಾಕ್ಯದ ವಿಮರ್ಶೆ

ರೋಮನ್ ಚಕ್ರವರ್ತಿ ಕ್ಲಾಡಿಯಸನು ಕ್ರಿ.ಶ. 54ನೆಯ ಇಸವಿ ಅಕ್ಟೋಬರ್ 13ರಂದು ತೀರಿಕೊಂಡನು. ರಾಣಿ ಅಗ್ರಿಪ್ಪಿನಳು ಅಣಬೆಯಲ್ಲಿ ವಿಷವನ್ನಿಕ್ಕಿ ಅವನನ್ನು ಕೊಲ್ಲಿಸಿದಳೆಂಬುದು ನಮ್ಮ ತರಗತಿಗಳಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ. ಆದರೆ ಟ್ಯಾಸಿಟಸನು ತನ್ನ 'ಆನಲ್ಸ್' ಗ್ರಂಥದ 12ನೆಯ ಪುಸ್ತಕದಲ್ಲಿ ಇದನ್ನು ಎರಡು ಹಂತದ ಕೊಲೆಯನ್ನಾಗಿ ಚಿತ್ರಿಸಿದ್ದಾನೆ. ಲೊಕಸ್ಟಾ ಎಂಬವಳು ವಿಷವನ್ನು ಸಿದ್ಧಪಡಿಸಿದಳು. ಅರಸನ ಊಟದ ರುಚಿ ನೋಡುತ್ತಿದ್ದ ಹಲೋಟಸನು ಅದನ್ನು ಬಡಿಸಿದನು. ಅರಸನ ಜಡತೆಯಿಂದಲೋ ಕುಡಿತದಿಂದಲೋ ವಿಷದ ಪರಿಣಾಮ ಮೊದಲು ಗೋಚರಿಸಲಿಲ್ಲ. ಮೇಲಾಗಿ ಭೇದಿಯಾಗಿ ಅವನು ಬದುಕಿಕೊಳ್ಳುವಂತೆ ಕಂಡಿತು. ಆಗ ಕೋಸ್ ದ್ವೀಪದ ವೈದ್ಯ ಕ್ಸೆನೊಫನನು ವಾಂತಿಗೆ ನೆರವಾಗುವವನಂತೆ ನಟಿಸಿ, ತೀಕ್ಷ್ಣವಿಷವನ್ನು ಸವರಿದ ಗರಿಯೊಂದನ್ನು ಅರಸನ ಗಂಟಲಿಗೆ ಇಳಿಸಿದನಂತೆ.

ಒಮ್ಮೆ ಓದಿದವರು ಮರೆಯಲಾರದ ಚಿತ್ರವಿದು. ಕ್ಲಾಡಿಯಸನಿಗೆ ವಿಷಪ್ರಯೋಗವಾಯಿತೆ ಇಲ್ಲವೆ ಎಂಬುದನ್ನು ತೀರ್ಮಾನಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಗರಿಯ ಈ ಒಂದು ವಾಕ್ಯ ಎಷ್ಟು ಭಾರವನ್ನು ತಡೆದೀತು ಎಂಬುದಷ್ಟೇ ಇಲ್ಲಿ ವಿಚಾರಾರ್ಹ. ಏಕೆಂದರೆ, ಮುಖ್ಯ ಪ್ರಾಚೀನ ಆಕರಗಳ ಪೈಕಿ ಕ್ಸೆನೊಫನನನ್ನು ಕೊಲೆಗಾರನೆಂದು ಹೆಸರಿಸುವುದು ಇದೊಂದೇ. ತನ್ನ ರೋಗಿಯನ್ನು ತಾನೇ ಕೊಂದನೆಂಬುದು ವೈದ್ಯನೊಬ್ಬನ ಮೇಲೆ ಹೊರಿಸಬಹುದಾದ ಅಪವಾದಗಳಲ್ಲಿ ಅತ್ಯಂತ ಘೋರವಾದದ್ದು. ಅದು ಸುಮಾರು 1,900 ವರ್ಷಗಳಿಂದ ಈ ವಾಕ್ಯದ ಮೇಲೆ ನಿಂತಿದೆ.

ಗಂಟಲಿಗೆ ಗರಿ ತಾಗಿದಾಗ ಆಗುವುದೇನೆಂಬುದನ್ನು ಮೊದಲು ನೋಡಬೇಕು. ನಾಲಗೆಯ ಬುಡ, ಗಂಟಲಿನ ಹಿಂಗೋಡೆ ಮುಂತಾದೆಡೆಗಳಲ್ಲಿ ಸ್ಪರ್ಶವಾದೊಡನೆ ಒಂಬತ್ತನೆಯ ಕಪಾಲನರವು ಆ ಸುದ್ದಿಯನ್ನು ಮಿದುಳಿನ ಕಾಂಡಕ್ಕೆ ಮುಟ್ಟಿಸುತ್ತದೆ. ಮುಖ್ಯವಾಗಿ ಹತ್ತನೆಯ ನರದ ಮೂಲಕ ಬಂದ ಪ್ರತ್ಯಾಜ್ಞೆಯಿಂದ ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಇದು ಓಕರಿಕೆಯ ಪರಾವರ್ತಿತ ಕ್ರಿಯೆ. ನಮ್ಮ ಇಚ್ಛೆಯನ್ನು ಇದು ಕೇಳುವುದಿಲ್ಲ. ಒಳಗೆ ಹೋಗಬಾರದ್ದನ್ನು ಹೊರದೂಡುವುದು ಇದರ ಕೆಲಸ. ವಾಂತಿಯೇ ಬೇರೆ: ಅದರಲ್ಲಿ ಹೊಟ್ಟೆಯ ಮತ್ತು ವಪೆಯ ಸ್ನಾಯುಗಳೆಲ್ಲ ಸೇರಿ ಜಠರವನ್ನು ಬರಿದುಮಾಡುತ್ತವೆ. ಓಕರಿಕೆಯಿಂದ ವಾಂತಿ ಬರಬಹುದು, ಬಾರದೆಯೂ ಇರಬಹುದು. ಈ ಪ್ರತಿಕ್ರಿಯೆ ಎಲ್ಲರಲ್ಲಿಯೂ ಒಂದೇ ಸಮವಲ್ಲ. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 1995ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಆರೋಗ್ಯವಂತರಲ್ಲಿಯೇ ಶೇಕಡ 37 ಮಂದಿಯಲ್ಲಿ ಅದು ಕಂಡುಬರಲಿಲ್ಲ. ಮದ್ಯದ ಅಮಲು ಹೆಚ್ಚಾದಾಗ ಅದು ಮಂದವಾಗುತ್ತದೆ. ಮಿದುಳಿನ ಕಾಂಡ ಸತ್ತಿದೆಯೆ ಎಂದು ಪರೀಕ್ಷಿಸುವಾಗ ವೈದ್ಯರು ಇದನ್ನೂ ನೋಡುವುದುಂಟು.

ಪ್ರಾಚೀನರಿಗೆ ಈ ನರಗಳ ವಿವರ ತಿಳಿಯದಿದ್ದರೂ ಉಪಾಯ ಚೆನ್ನಾಗಿ ತಿಳಿದಿತ್ತು. ವಿಷ ಕುಡಿದವನಿಗೆ ಎಣ್ಣೆಯನ್ನು ಕುಡಿಸಿ ವಾಂತಿ ಮಾಡಿಸಬೇಕೆಂದು ಕ್ಲಾಡಿಯಸನಿಗಿಂತ ಕೊಂಚವೇ ಹಿಂದೆ ಬರೆದ ಸೆಲ್ಸಸ್ ವಿಧಿಸುತ್ತಾನೆ. ಆದರೆ ಭೋಗಕ್ಕಾಗಿ ವಾಂತಿಯನ್ನು ನಿತ್ಯದ ರೂಢಿ ಮಾಡಿಕೊಳ್ಳುವವರನ್ನು ಅವನು ಎಚ್ಚರಿಸುತ್ತಾನೆ. ನಮ್ಮ ಚರಕಸಂಹಿತೆಯೂ ವಮನದ ಸಮಯದಲ್ಲಿ ಉಗುರು ಕತ್ತರಿಸಿದ ಬೆರಳಿನಿಂದಾಗಲಿ ನೈದಿಲೆಯ ನಾಳದಿಂದಾಗಲಿ ಗಂಟಲನ್ನು ಮುಟ್ಟಿಕೊಳ್ಳಬಹುದೆಂದು ಹೇಳುತ್ತದೆ. ಆದುದರಿಂದ ವೈದ್ಯನ ಕೈಯಲ್ಲಿ ಗರಿಯಿತ್ತೆಂಬುದರಲ್ಲಿ ವಿಶೇಷವೇನೂ ಇಲ್ಲ. (ರೋಮನರು ವಾಂತಿಗೆಂದೇ 'ವಾಮಿಟೋರಿಯಂ' ಎಂಬ ಕೋಣೆಯನ್ನಿಟ್ಟಿದ್ದರೆಂಬ ಜನಪ್ರಿಯ ಕಥೆ ಮಾತ್ರ ಸುಳ್ಳು. ಆ ಪದಕ್ಕೆ ರಂಗಸ್ಥಳದಿಂದ ಜನರು ಹೊರಬೀಳುವ ದಾರಿ ಎಂದರ್ಥ.)

ಇನ್ನು ಇತರ ಆಕರಗಳ ಮಾತು. ಸೆನೆಕನು ಸಮಕಾಲೀನ, ಆದರೆ ಸತ್ತ ಅರಸನ ಮೇಲೆ ಅವನು ಬರೆದದ್ದು ವಿಡಂಬನೆ, ಅದರಲ್ಲಿ ಅಣಬೆಯೂ ಇಲ್ಲ ಗರಿಯೂ ಇಲ್ಲ. ಜೋಸಿಫಸನು ವಿಷದ ಸುದ್ದಿಯನ್ನು ಜನರ ಮಾತೆಂದೇ ದಾಖಲಿಸುತ್ತಾನೆ. ಬಹುಕಾಲಾನಂತರ ಬರೆದ ಡಿಯೊ ಕ್ಯಾಸಿಯಸನ ಪ್ರಕಾರ ಅರಸನನ್ನು ಕುಡಿದವನಂತೆ ಊಟದ ಮನೆಯಿಂದ ಹೊತ್ತೊಯ್ದರು. ಅವನು ಮಾತಾಡಲಾರದೆ, ಕೇಳಲಾರದೆ, ರಾತ್ರಿಯೇ ಸತ್ತನು. ಇಲ್ಲಿಯೂ ಗರಿಯಿಲ್ಲ.

ನಮಗೆ ಎಲ್ಲಕ್ಕಿಂತ ಮುಖ್ಯವಾದವನು ಸ್ಯೂಟೋನಿಯಸ್. ವಿಷ ಕೊಟ್ಟದ್ದರಲ್ಲಿ ಒಮ್ಮತವಿದೆಯಾದರೂ ಎಲ್ಲಿ, ಯಾರು ಕೊಟ್ಟರೆಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆಯೆಂದು ಅವನು 44ನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಕೆಲವರ ಹೇಳಿಕೆಯಂತೆ ಅರಸನು ಮೊದಲು ನಿದ್ದೆ ಹೋಗಿ, ಅನಂತರ ಎಲ್ಲವನ್ನೂ ಕಾರಿಕೊಂಡನು. ಆಗ ಎರಡನೆಯ ಸಲ ವಿಷವನ್ನು ಗಂಜಿಯಲ್ಲಿ ಬೆರೆಸಿಯೋ ಬಸ್ತಿಯ ಮೂಲಕವೋ ಕೊಟ್ಟರು. ಎರಡನೆಯ ವಿಷವುಂಟು, ಗರಿಯಿಲ್ಲ! ಹಾಗಾದರೆ ಗರಿ ಸ್ಯೂಟೋನಿಯಸನಿಗೆ ತಿಳಿದೇ ಇರಲಿಲ್ಲವೆ? ತಿಳಿದಿತ್ತು. ಅದು 33ನೆಯ ಅಧ್ಯಾಯದಲ್ಲಿದೆ, ಸಾವಿನ ಪ್ರಸಂಗದಲ್ಲಲ್ಲ, ಅರಸನ ನಿತ್ಯದ ಅಭ್ಯಾಸಗಳ ವರ್ಣನೆಯಲ್ಲಿ. ಉಂಡು ಕುಡಿದು ಅಂಗಾತ ಬಾಯಿ ತೆರೆದು ಮಲಗುತ್ತಿದ್ದ ಕ್ಲಾಡಿಯಸನ ಬಾಯಿಗೆ ಹೊಟ್ಟೆಯ ಭಾರವನ್ನಿಳಿಸಲು ಗರಿಯನ್ನು ಹಾಕುತ್ತಿದ್ದರಂತೆ. ಇವೆರಡು ಅಧ್ಯಾಯಗಳನ್ನು ಎದುರುಬದುರಾಗಿಟ್ಟು ಓದಿದರೆ ಟ್ಯಾಸಿಟಸನ ವಾಕ್ಯ ಹುಟ್ಟಿದ ಬಗೆ ಊಹೆಗೆ ನಿಲುಕುತ್ತದೆ. ಅರಮನೆಯವರೆಲ್ಲ ಬಲ್ಲ ಗರಿಯೊಂದಿತ್ತು. ಎರಡನೆಯ ವಿಷ ಒಳಹೋಗಲು ಜನರ ಕಥೆಗೆ ದಾರಿಯೊಂದು ಬೇಕಾಗಿತ್ತು. ಒಂದು ಇನ್ನೊಂದಕ್ಕೆ ಅಂಟಿಕೊಂಡಿತು.

ವಿಷವಿಜ್ಞಾನವೂ ಈ ಊಹೆಗೆ ಪುಷ್ಟಿ ಕೊಡುತ್ತದೆ. ಕೊಟ್ಟ ವಿಷ ವಾಂತಿಯಲ್ಲಿ ಹೊರಬೀಳುತ್ತಿದೆಯೆಂಬುದೇ ಕೊಲೆಗಾರರ ಭಯವಾಗಿದ್ದರೆ, ಅವರು ವಾಂತಿಯನ್ನು ತಡೆಯಬೇಕಾಗಿತ್ತು. ಗರಿಯಿಂದ ಆಗುವುದು ಅದಕ್ಕೆ ವಿರುದ್ಧ: ಉಳಿದಿದ್ದ ಅಣಬೆಯೂ ಹೊರಬರುತ್ತದೆ, ಗರಿಗೆ ಸವರಿದ್ದರಲ್ಲಿ ಬಹುಭಾಗವೂ ಜೊಲ್ಲಿನೊಡನೆ ಹೊರಗೆ ಬೀಳುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಕೊಲ್ಲಬಲ್ಲ ವಿಷಗಳು ಇಲ್ಲವೆ ಎಂದು ಪ್ರಶ್ನಿಸಬಹುದು. ಇವೆ. ವತ್ಸನಾಭಿಯ ಸಾರವಾದ ಅಕೊನಿಟೀನ್ ಕೆಲವೇ ಮಿಲಿಗ್ರಾಂಗಳಲ್ಲಿ ಪ್ರಾಣಾಂತಕ. ಆದರೆ ಅದು ಶುದ್ಧರೂಪದ ಲೆಕ್ಕ, ಬೇರನ್ನು ಅರೆದು ಗರಿಗೆ ಸವರಿದ ಲೇಪದ್ದಲ್ಲ. ಸಾಲದೆಂಬಂತೆ ಆ ವಿಷವೇ ವಾಂತಿಯನ್ನು ತರುವಂಥದು. ಗರಿಯಿಂದ ಕೊಲ್ಲುವುದು ಅಸಾಧ್ಯವೆಂದು ಹೇಳಲಾಗದು. ಗಂಜಿ, ಬಸ್ತಿಗಳು ಕೈಗೆಟುಕುವಂತಿರುವಾಗ ಬಲ್ಲ ವೈದ್ಯನು ಆರಿಸಿಕೊಳ್ಳುವ ಮಾರ್ಗ ಅದಲ್ಲವೆಂದು ಧಾರಾಳವಾಗಿ ಹೇಳಬಹುದು.

ಆಧುನಿಕರ ರೋಗನಿರ್ಣಯಗಳ ಬಗೆಗೂ ಒಂದು ಮಾತು. 1972ರಲ್ಲಿ ವಾಸನ್ ಎಂಬ ಅಣಬೆಗಳ ವಿದ್ವಾಂಸರು ಅಮಾನಿಟ ಫಲಾಯ್ಡಿಸ್ ಎಂಬ ಮಾರಕ ಅಣಬೆಯನ್ನು ಹೆಸರಿಸಿದರು. 2002ರಲ್ಲಿ ಒಂದು ವೈದ್ಯಕೀಯ ಲೇಖನ ಅಣಬೆಯ ಮಸ್ಕರೀನ್ ವಿಷವೆಂದಿತು. ಅದೇ ವರ್ಷ ಇನ್ನೊಂದು ಲೇಖನ ವಿಷವನ್ನೇ ಬದಿಗಿಟ್ಟು ಮಿದುಳಿನ ರಕ್ತನಾಳಗಳ ರೋಗವನ್ನು ಮುಂದಿಟ್ಟಿತು. ಅಮಾನಿಟ ಫಲಾಯ್ಡಿಸ್ ತಿಂದವರಲ್ಲಿ ಲಕ್ಷಣಗಳು ತೋರಲು ಸಾಮಾನ್ಯವಾಗಿ 6ರಿಂದ 12 ಗಂಟೆ ಬೇಕು, ಸಾವಿಗೆ ದಿನಗಳೇ ಬೇಕು. ಸಂಜೆ ಉಂಡು ಬೆಳಗಾಗುವುದರೊಳಗೆ ಸತ್ತವನಿಗೆ ಅದು ಹೊಂದದು. ನನ್ನ ಆಕ್ಷೇಪವಿರುವುದು ಇದಕ್ಕಿಂತ ಹೆಚ್ಚಾಗಿ ವಿಧಾನದ ಬಗ್ಗೆ. ಭೇದಿಯನ್ನು ಟ್ಯಾಸಿಟಸನಿಂದ, ರಾತ್ರಿಯಿಡೀ ನೋವನ್ನು ಸ್ಯೂಟೋನಿಯಸನಿಂದ, ಮೂಕತನವನ್ನು ಡಿಯೊನಿಂದ ಆಯ್ದು ಒಂದೇ ರೋಗಿಯ ಹಾಸಿಗೆಯ ಬಳಿ ಇಟ್ಟರೆ, ಅಂಥ ರೋಗಿ ಎಂದೂ ಇದ್ದವನಲ್ಲ. ಇವು ಪರಸ್ಪರ ಒಪ್ಪದ ಮೂರು ಕಥೆಗಳ ಲಕ್ಷಣಗಳು.

ಗರಿಯಲ್ಲಿ ವಿಷವಿಲ್ಲದಿದ್ದರೂ ಅದು ನಿರಪಾಯಕಾರಿಯಾಗಿರಲಿಲ್ಲವೆಂಬುದನ್ನು ಮಾತ್ರ ಒಪ್ಪಬೇಕು. ಅಮಲಿನಿಂದ ಗಂಟಲಿನ ಕಾವಲು ಸಡಿಲಗೊಂಡು ಅಂಗಾತ ಬಿದ್ದಿರುವವನು ಕಾರಿಕೊಂಡರೆ, ಅದು ಶ್ವಾಸನಾಳಕ್ಕಿಳಿದು ಉಸಿರು ಕಟ್ಟಬಹುದು. ವಿಷ ಸೇವಿಸಿದವರಿಗೆ ವಾಂತಿ ಮಾಡಿಸುವುದನ್ನು ಇಂದಿನ ವೈದ್ಯರು ಕೈಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ವಾಂತಿ ತರಿಸುವ ಇಪೆಕಾಕ್ ಸಿರಪ್ಪನ್ನು ವಾಡಿಕೆಯಾಗಿ ಕೊಡಬಾರದೆಂದು ಅಮೆರಿಕ ಮತ್ತು ಯೂರೋಪಿನ ವಿಷವೈದ್ಯರ ಸಂಸ್ಥೆಗಳು 1997ರಲ್ಲಿ ಹೇಳಿದವು. ಮನೆಯಲ್ಲಿ ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ ತಿಳಿಸಿತು. ಆಮ್ಲ, ಕ್ಷಾರ, ಸೀಮೆಎಣ್ಣೆ ಕುಡಿದವರಿಗಂತೂ ಗಂಟಲಿಗೆ ಬೆರಳು ಹಾಕಿ ಕಕ್ಕಿಸುವುದು ಮೊದಲಿಗಿಂತ ಹೆಚ್ಚಿನ ಕೇಡು. ಆದರೆ ಕ್ಸೆನೊಫನನ ಕಾಲದಲ್ಲಿ ಅದೇ ಶಾಸ್ತ್ರ. ಅವನು ಬರಿಯ ಗರಿಯನ್ನು ಬಳಸಿದ್ದು ನಿಜವಾಗಿ, ಅರಸನು ಅವನ ಕೈಯಲ್ಲೇ ಸತ್ತಿದ್ದರೆ, ಅಪವಾದ ಹುಟ್ಟಲು ಇನ್ನೇನೂ ಬೇಕಾಗಿರಲಿಲ್ಲ. ಇದು ಸಾಧ್ಯತೆ ಮಾತ್ರ; ಮೇಲೆ ಖಂಡಿಸಿದ ನಿರ್ಣಯಗಳ ಪಟ್ಟಿಗೆ ಇನ್ನೊಂದನ್ನು ಸೇರಿಸುವ ಇಚ್ಛೆ ನನಗಿಲ್ಲ.

ಟ್ಯಾಸಿಟಸನಿಗೆ ನ್ಯಾಯ ಸಲ್ಲಿಸಬೇಕಾದರೆ ಅವನ ಕ್ರಿಯಾಪದವನ್ನು ಗಮನಿಸಬೇಕು. ಗರಿಯ ವಾಕ್ಯವನ್ನು ಅವನು 'ಇಳಿಸಿದನು' ಎಂದು ಮುಗಿಸುವುದಿಲ್ಲ. 'ಇಳಿಸಿದನೆಂದು ನಂಬಲಾಗಿದೆ' ಎಂಬರ್ಥದಲ್ಲಿ ಮುಗಿಸುತ್ತಾನೆ. ಆ ಸಾವು ನಡೆದಾಗ ಅವನಿನ್ನೂ ಹುಟ್ಟಿರಲಿಲ್ಲ. ಆದರೂ ಅವನ ಜೋಡಣೆ ಮುಗ್ಧವಾದದ್ದಲ್ಲ. ಕೆಲವೇ ಅಧ್ಯಾಯಗಳ ಹಿಂದೆ, 61ನೆಯದರಲ್ಲಿ, ಕ್ಲಾಡಿಯಸನು ಕ್ರಿ.ಶ. 53ರಲ್ಲಿ ಇದೇ ಕ್ಸೆನೊಫನನ ಸಲುವಾಗಿ ಕೋಸ್ ದ್ವೀಪಕ್ಕೆ ತೆರಿಗೆಯಿಂದ ವಿನಾಯಿತಿ ಕೊಟ್ಟದ್ದನ್ನು ಅವನೇ ವರ್ಣಿಸಿದ್ದಾನೆ. ಉಪಕಾರ ಪಡೆದವನೇ ಗರಿ ಹಿಡಿದು ಬರುವಂತೆ ಕಥನ ಸಾಗುತ್ತದೆ. 'ನಂಬಲಾಗಿದೆ' ಎಂಬುದು ಓದುಗನ ಕಿವಿಗೆ ಬೀಳುವಷ್ಟರಲ್ಲಿ ಗರಿ ಗಂಟಲಿಗೆ ಇಳಿದಾಗಿರುತ್ತದೆ. ಇತ್ತ ಕೋಸ್ ದ್ವೀಪದ ಶಾಸನಗಳಲ್ಲಿ ಅದೇ ಮನುಷ್ಯನು ತನ್ನ ನಾಡಿಗೆ ಉಪಕಾರ ಮಾಡಿದವನೆಂದು ಗೌರವಿತನಾಗಿದ್ದಾನೆ. ಪಠ್ಯಪುಸ್ತಕಗಳನ್ನು ಬರೆಯುವವರು ಅವನ ಹೆಸರನ್ನು ಎತ್ತುವುದಾದರೆ ಆ ಶಾಸನಗಳನ್ನೂ ಹೇಳಲಿ, ಟ್ಯಾಸಿಟಸನ ಕ್ರಿಯಾಪದವನ್ನೂ ಉಳಿಸಿಕೊಳ್ಳಲಿ.