ಫಿಲ್ಟರ್ ಬಿಟ್ಟ ನೀರಿನ ಲೆಕ್ಕ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಆರ್‌ಓ ಫಿಲ್ಟರ್ ಈಗ ಅನುಕೂಲಸ್ಥರ ವಸ್ತುವಾಗಿ ಉಳಿದಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಸಾವಿರ, ಸಾವಿರದೈನೂರು ಅಡಿ ಕೊರೆದರೆ ಸಿಗುವ ಬೋರ್ ನೀರಿಗೆ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಕಾಟ. ಹೀಗಿರುವಾಗ ಫಿಲ್ಟರ್ ಇಟ್ಟುಕೊಂಡವರನ್ನು ದೂರುವ ಮನಸ್ಸು ನನಗಿಲ್ಲ. ನಾನು ನೋಡುತ್ತಿರುವುದು ಅದರ ಮಗ್ಗುಲಿನಿಂದ ಇಳಿದು ಸಿಂಕಿಗೆ ಬೀಳುವ ಸಣ್ಣ ಪೈಪನ್ನು, ಆ ನೀರನ್ನು ಬಕೆಟ್ಟಿಗೆ ಹಿಡಿದು ಮತ್ತೆ ಬಳಸುವ ರೂಢಿಯನ್ನು. ಈ ರೂಢಿಯನ್ನು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ಅರ್ಧಕ್ಕೆ ಮಾತ್ರ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಲ್ಲುವ ಅರ್ಧ ದೊಡ್ಡದೇ. ಮನೆಯ ಸಾಮಾನ್ಯ ಆರ್‌ಓ ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕಾದ ಮನೆಯಲ್ಲಿ 60 ಲೀಟರ್ ಮೋರಿ ಪಾಲು. ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ ಸಂಪು ತುಂಬಿಸುವ ಮನೆಗಳಲ್ಲೂ ಇದು ನಡೆಯುತ್ತದೆ. ಆ ನೀರು ನೆಲ ಒರೆಸಲು, ಪಾಯಿಖಾನೆಗೆ, ಬಟ್ಟೆ ನೆನೆಹಾಕಲು ಧಾರಾಳವಾಗಿ ಆಗುತ್ತದೆ. ಆದರೆ ಅಡುಗೆಮನೆಯಿಂದ ಬಚ್ಚಲಿಗೆ ಬಕೆಟ್ ಹೊರುವುದು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ನೀರು ಉಳಿಸುವ ಪುಣ್ಯ ಮನೆಗೆಲ್ಲ, ಸೊಂಟನೋವು ಒಬ್ಬರಿಗೆ. ಗೋಡೆಗೆ ಒಂದು ತೂತು ಕೊರೆಸಿ ಆ ಪೈಪನ್ನೇ ಬಚ್ಚಲಿನ ಡ್ರಮ್ಮಿಗೆ ಬಿಟ್ಟರೆ ಹೊರುವ ಕೆಲಸವೇ ಇರುವುದಿಲ್ಲ. ಪೈಪು ಮೇಲಕ್ಕೆ ಏರದೆ ಇಳಿಜಾರಾಗಿಯೇ ಸಾಗಬೇಕು, ಎಲ್ಲೂ ಮಡಚಿಕೊಳ್ಳಬಾರದು. ಇಲ್ಲವಾದರೆ ನೀರು ಹೊರಬೀಳಲಾಗದೆ ಮೆಂಬ್ರೇನ್ ಬೇಗ ಹಾಳಾಗುತ್ತದೆ.

ಇನ್ನು ಸಲ್ಲದ ಅರ್ಧ. ಫಿಲ್ಟರ್ ಉಪ್ಪನ್ನಾಗಲಿ ಫ್ಲೋರೈಡನ್ನಾಗಲಿ ನಾಶ ಮಾಡುವುದಿಲ್ಲ, ಬೇರೆ ಕಡೆಗೆ ತಳ್ಳುತ್ತದೆ ಅಷ್ಟೆ. ನಾಲ್ಕು ಲೀಟರಿನಲ್ಲಿ ಇದ್ದದ್ದರ ಬಹುಪಾಲು ಮೂರು ಲೀಟರಿಗೆ ಸೇರುತ್ತದೆ. ಒಳಗೆ ಹೋದ ನೀರಿನ ಟಿಡಿಎಸ್ (ಲೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಎಂಬ ಅಳತೆ) 900 ಇದ್ದರೆ ಹೊರಬಿದ್ದದ್ದು ಹತ್ತಿರ ಹತ್ತಿರ 1,200. ಲೀಟರಿಗೆ 2 ಮಿಲಿಗ್ರಾಂ ಇದ್ದ ಫ್ಲೋರೈಡ್ 2.6 ದಾಟುತ್ತದೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವುದು 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5. ಅಂಗಡಿಯವರು ನೀರಿಗೆ ಅದ್ದಿ ತೋರಿಸುವ ಪೆನ್ನಿನಂಥ ಟಿಡಿಎಸ್ ಮೀಟರಿಗೆ ಫ್ಲೋರೈಡ್ ಪ್ರತ್ಯೇಕವಾಗಿ ಗೊತ್ತಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕುದಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ.

ಈ ನೀರನ್ನು ಗಿಡಕ್ಕೆ ಹಾಕಿ ಎಂಬ ಸಲಹೆ ಬಲು ಜನಪ್ರಿಯ. ತಿಂಗಳುಗಟ್ಟಲೆ ಇದನ್ನೇ ಕುಡಿದ ಕುಂಡವನ್ನು ಹತ್ತಿರದಿಂದ ನೋಡಿ. ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ, ಮಣ್ಣಿನ ಮೇಲೆ ಗಟ್ಟಿ ಹಕ್ಕಳೆ, ಎಲೆಯ ತುದಿ ಸುಟ್ಟಂತೆ ಕಂದು. ನೀರು ಆರಿಹೋಗುತ್ತದೆ, ಉಪ್ಪು ಕುಂಡದಲ್ಲೇ ಕೂರುತ್ತದೆ. ಶ್ರೀನಿವಾಸಪುರದಲ್ಲಿ ಹಿತ್ತಲಿಗೊಂದು ಮಾವಿನ ಸಸಿ ನೆಟ್ಟುಕೊಳ್ಳದವರು ಕಡಿಮೆ, ಮಾವು ಉಪ್ಪನ್ನು ಸಹಿಸುವ ಮರವಲ್ಲ. ಮಳೆನೀರಿನೊಂದಿಗೆ ಬೆರೆಸಿ ಯಾವಾಗಲಾದರೊಮ್ಮೆ ಹಾಕಿದರೆ ಅಡ್ಡಿಯಿಲ್ಲ. ಅದನ್ನೇ ನಂಬಿ ಸಸಿ ಬೆಳೆಸುವುದು ಬೇಡ.

ಆದರೂ ನನ್ನನ್ನು ಹೆಚ್ಚು ಕಾಡುವುದು ಮನೆಯ ಬಕೆಟ್ಟಿಗಿಂತ ಊರಿನ ಶುದ್ಧ ನೀರಿನ ಘಟಕ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಹೋಗುವ ನಾವು, ಘಟಕದ ಹಿಂದೆ ಹೊರಬೀಳುವ ಪೈಪನ್ನು ನೋಡಲು ಹೋಗುವುದಿಲ್ಲ. ಅರ್ಧಕ್ಕರ್ಧ ನೀರು ಹೊರಗೆ ಬಿಡುವ ಘಟಕವಾದರೆ ಆ ನೀರಿನಲ್ಲಿ ಉಪ್ಪು, ಫ್ಲೋರೈಡ್ ಎರಡೂ ಹತ್ತಿರ ಹತ್ತಿರ ಇಮ್ಮಡಿ. ಅದನ್ನು ದನಗಳ ತೊಟ್ಟಿಗೆ ತಿರುಗಿಸಿದರೆ ಸದ್ಬಳಕೆ ಎನಿಸಿಕೊಳ್ಳುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಜಾನುವಾರುಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ದಾಟಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದ ಹಸುವಿನ ಹಲ್ಲು ಕಂದಿ ಸವೆಯುತ್ತದೆ, ಮೇವು ಅಗಿಯಲಾರದು, ಕಾಲು ಕುಂಟುತ್ತದೆ. ಡೈರಿಗೆ ಹಾಕುವ ಹಾಲಿನ ಮೇಲೆ ಸಂಸಾರ ನಿಂತಿರುವ ಜಿಲ್ಲೆಯಲ್ಲಿ ನಮಗೆ ಬೇಡವಾದ ವಿಷವನ್ನು ಹಸುವಿನ ಬಾಯಿಗೆ ಹಿಡಿಯುವುದು ಅನ್ಯಾಯ. ಇನ್ನು ಇಂಗುಗುಂಡಿಗೋ ಬತ್ತಿದ ಬೋರಿಗೋ ಬಿಡುವುದಂತೂ, ಆಳದಿಂದ ಎತ್ತಿದ್ದನ್ನು ಗಟ್ಟಿ ಮಾಡಿ ಮತ್ತೆ ಆಳಕ್ಕೇ ಇಳಿಸಿದಂತೆ.

ಹೊರಬಿಟ್ಟ ನೀರಿನ ಬಗ್ಗೆ ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿ, ನೀರು ಹರಿಸುವುದಕ್ಕೆ ತಡೆಯೂ ಬಿತ್ತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಆಗಲಿ ಎಂದು ಕೋಲಾರದ ರೈತರು, ಹೋರಾಟಗಾರರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಅವರು ಕೇಳಿದ್ದು ಸರಿ, ಆ ಬೇಡಿಕೆಯ ಪರವಾಗಿ ನಾನೂ ಇದ್ದೇನೆ. ಪಕ್ಕದ ಊರು ಬಳಸಿ ಬಿಟ್ಟ ನೀರಿನಲ್ಲಿ ಏನಿದೆ ಎಂದು ಕೇಳುವ ಹಕ್ಕು ನಮಗಿರುವಾಗ, ನಮ್ಮದೇ ಘಟಕಗಳು ಬಿಡುವ ನೀರಿನಲ್ಲಿ ಏನಿದೆ ಎಂದು ಗ್ರಾಮಸಭೆಯಲ್ಲಿ ಯಾಕೆ ಕೇಳಬಾರದು? ಎರಡರ ಪ್ರಮಾಣಕ್ಕೆ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಕೆರೆಯ ನೊರೆ ಕಣ್ಣಿಗೆ ಬೀಳುತ್ತದೆ, ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆದೇಶಗಳ ಗಮನ ಹೆಚ್ಚಾಗಿ ಪೋಲಾಗುವ ನೀರಿನ ಪ್ರಮಾಣದ ಮೇಲಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ, ಬೇಕಾದ ಕಡೆ ನೂರಕ್ಕೆ ಕನಿಷ್ಠ 60 ಭಾಗ ನೀರು ಶುದ್ಧವಾಗಿ ಸಿಗಬೇಕು, ಮುಂದೆ ಅದು 75ಕ್ಕೆ ಏರಬೇಕು ಎಂದಿತು. ಮೊದಲ ಮಾತು ಸರಿಯಾಗಿದೆ. ಎರಡನೆಯದಕ್ಕೆ ಇನ್ನೊಂದು ಮುಖವಿದೆ. 75 ಭಾಗ ಶುದ್ಧ ನೀರು ಕೊಡುವ ಯಂತ್ರದ ಉಳಿದ 25 ಭಾಗದಲ್ಲಿ ಉಪ್ಪು ಹತ್ತಿರ ಹತ್ತಿರ ನಾಲ್ಕು ಪಟ್ಟು. ಒಳಗೆ ಹೋದದ್ದು ಅದೇ 900ರ ನೀರಾದರೆ ಹೊರಬೀಳುವುದು 1,200ರ ಬದಲು 3,600 ಎಂದಿಟ್ಟುಕೊಳ್ಳಿ. ಆ ಬಕೆಟ್ಟಿನಲ್ಲಿ ನೀರು ಕಡಿಮೆ, ಉಪಯೋಗ ಇನ್ನೂ ಕಡಿಮೆ. ಪಾಯಿಖಾನೆ ಬಿಟ್ಟು ಬೇರೆಲ್ಲಿಗೂ ಅದನ್ನು ಒಯ್ಯಬಾರದು.

ಫಿಲ್ಟರಿನ ಅಗತ್ಯವನ್ನೇ ಕಡಿಮೆ ಮಾಡುವ ದಾರಿಯೂ ಒಂದಿದೆ. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಜಲಾಶಯ 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡಲೆಂದೇ ಅದನ್ನು ಕಟ್ಟಿದ್ದು. ಮಳೆಯಿಂದ ತುಂಬುವ ಅಂಥ ನೀರಿನಲ್ಲಿ ಬಂಡೆಯಾಳದ ಬೋರಿನಷ್ಟು ಉಪ್ಪು, ಫ್ಲೋರೈಡ್ ಸಾಮಾನ್ಯವಾಗಿ ಇರುವುದಿಲ್ಲ. ಸೋಸಿ, ಕುದಿಸಿ ಕುಡಿದರೆ ಸಾಕಾಗಬಹುದು. ಆದರೆ ನಲ್ಲಿ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರನ್ನೂ ಒಂದೇ ಸಂಪಿಗೆ ಬಿಟ್ಟುಕೊಂಡರೆ ಆ ಲಾಭ ಅಲ್ಲೇ ಕರಗಿಹೋಗುತ್ತದೆ, ಫಿಲ್ಟರ್ ಎಂದಿನಂತೆ ಒಂದಕ್ಕೆ ಮೂರು ಬಿಡುತ್ತಲೇ ಇರುತ್ತದೆ. ನಲ್ಲಿ ನೀರಿಗೆ ಬೇರೆ ಡ್ರಮ್ ಇಡಿ. ಬೋರ್ ನೀರನ್ನೇ ನಂಬಿದ ಹಳ್ಳಿಗಳಲ್ಲಿ ಪಂಚಾಯಿತಿಯವರು ಘಟಕದ ಮುಂದಿನ ನಲ್ಲಿಯಿಂದ ಒಂದು ಬಾಟಲಿ, ಹಿಂದಿನ ಪೈಪಿನಿಂದ ಒಂದು ಬಾಟಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸಲಿ, ಎರಡೂ ಫ್ಲೋರೈಡ್ ಅಂಕಿಗಳನ್ನು ಘಟಕದ ಗೋಡೆಯ ಮೇಲೆ, ನಾಣ್ಯ ಹಾಕುವ ಜಾಗದ ಪಕ್ಕದಲ್ಲೇ ಬರೆಸಲಿ.